ಕಾಲರಿನ ಒಳಗಿನ ಚೀಟಿ



ಹೆಣ್ಣುಮಕ್ಕಳ ಉಡುಪಿನ ವಿಚಾರವಾಗಿ ನಮ್ಮ ಧರ್ಮಕೇಂದ್ರಗಳಲ್ಲಿ ನಡೆದಿರುವಷ್ಟು ಚರ್ಚೆ ಬೇರೆ ವಿಷಯಗಳ ಬಗ್ಗೆ ನಡೆದಿರುವುದು ಅಪರೂಪ. ತೋಳು ಎಷ್ಟು ಉದ್ದವಿರಬೇಕು, ಲಂಗ ಮಂಡಿಯಿಂದ ಎಷ್ಟು ಬೆರಳು ಕೆಳಗಿಳಿಯಬೇಕು, ಜೀನ್ಸ್ ತೊಟ್ಟವಳು ವಾಚನ ಓದಬಹುದೇ, ದುಪಟ್ಟ ಇಲ್ಲದವಳು ಗಾನವೃಂದದಲ್ಲಿ ನಿಲ್ಲಬಹುದೇ ಎಂದು ತಾಯಂದಿರ ಸಭೆಗಳಲ್ಲಿ, ಯುವಜನರ ಶಿಬಿರಗಳಲ್ಲಿ, ಕೆಲವೊಮ್ಮೆ ಪ್ರಬೋಧನೆಯಲ್ಲೂ ನಾವು ಅಳೆದು ಸುರಿದಿದ್ದೇವೆ. ಆದರೆ ಆ ಅಂಗಿಯ ಕಾಲರಿನ ಒಳಗೆ ಹೊಲಿದಿರುವ ಎರಡು ಬೆರಳಗಲದ ಚೀಟಿಯ ಬಗ್ಗೆ ಯಾರೂ ಬಾಯಿ ತೆರೆದದ್ದನ್ನು ನಾನು ಕೇಳಿಲ್ಲ. ಮಗಳ ಮಂಡಿ ಕಂಡರೆ ನಮಗೆ ಮುಜುಗರವಾಗುತ್ತದೆ. ಅದೇ ಮಗಳು ಪಕ್ಕದಲ್ಲಿ ಕುಳಿತ ಮತ್ತೊಬ್ಬರ ಮಗಳ ಅಂಗಿಗೆ ಬೆಲೆ ಕಟ್ಟಿ, ಅವಳನ್ನು ಮನಸ್ಸಿನಲ್ಲೇ ಹಿಂದಿನ ಬೆಂಚಿಗೆ ಕಳುಹಿಸಿದರೆ ನಮಗೆ ಏನೂ ಆಗುವುದಿಲ್ಲ. ಏಕೆಂದರೆ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕಣ್ಣಿಗೆ ಬೀಳಬೇಕೆಂದಿದ್ದರೆ ಹದಿಮೂರರಿಂದ ಹದಿನೇಳರ ನಡುವಿನ ಹುಡುಗಿಯರ ಗುಂಪೊಂದನ್ನು ಸ್ವಲ್ಪ ಹೊತ್ತು ಗಮನಿಸಿ ನೋಡಿ. ಒಬ್ಬಳು ಹೊಸ ಅಂಗಿ ತೊಟ್ಟು ಬಂದಿದ್ದಾಳೆ. ‘ತಡಿಯೇ, ಕಾಲರ್ ಮಡಚಿಕೊಂಡಿದೆ’ ಎನ್ನುತ್ತಾ ಇನ್ನೊಬ್ಬಳು ಅವಳ ಕುತ್ತಿಗೆಯ ಹಿಂದೆ ಕೈ ಹಾಕುತ್ತಾಳೆ. ನೋಡುವ ನಮಗೆ ಅದು ಅಕ್ಕರೆ. ವಾಸ್ತವದಲ್ಲಿ ಅದು ತಪಾಸಣೆ. ಚೀಟಿಯನ್ನು ಓದಿದ ಕಣ್ಣು ಗುಂಪಿನ ಉಳಿದ ಕಣ್ಣುಗಳಿಗೆ ಸುದ್ದಿ ಮುಟ್ಟಿಸಲು ಒಂದು ಕ್ಷಣ ಸಾಕು. ಹೆಸರುಳ್ಳ ಚೀಟಿಯಾಗಿದ್ದರೆ ಎರಡನೆಯ ಪರೀಕ್ಷೆ: ‘ಒರಿಜಿನಲ್ಲಾ, ಫಸ್ಟ್ ಕಾಪಿನಾ?’ ಅಸಲನ್ನೇ ಹೋಲುವಂತೆ ತಯಾರಿಸಿದ ನಕಲಿಗೆ ನಮ್ಮ ಊರಿನ ಮಾರುಕಟ್ಟೆಯಲ್ಲಿ ಫಸ್ಟ್ ಕಾಪಿ ಎಂದು ಹೆಸರು. ಜಿಪ್ಪಿನ ಮೇಲೆ ಕೊರೆದ ಅಕ್ಷರ, ಲೋಗೋದ ಹೊಲಿಗೆಯ ಎಳೆ, ಒಳ ಅಂಚಿನ ಮಡಿಕೆ ಇವನ್ನೆಲ್ಲ ನೋಡಿ ನಕಲನ್ನು ಹಿಡಿಯುವ ವಿದ್ಯೆ ಈ ಮಕ್ಕಳಿಗೆ ಕರತಲಾಮಲಕ. ಬೀಜಗಣಿತದಲ್ಲಿ ತಿಣುಕುವವಳೂ ಇದರಲ್ಲಿ ಪಂಡಿತೆ.

ಇದರ ಕ್ರೌರ್ಯ ಎಲ್ಲಿದೆ ನೋಡಿ. ಯಾವ ಹೆಸರೂ ಇಲ್ಲದ ಅಂಗಿ ತೊಟ್ಟವಳಿಗೆ ಬರೀ ಉಪೇಕ್ಷೆ ಸಿಗುತ್ತದೆ. ಅವಳು ಲೆಕ್ಕಕ್ಕಿಲ್ಲ, ಅಷ್ಟೆ. ಆದರೆ ಗುಂಪಿನ ಒಳಗೆ ಬರಬೇಕೆಂದು ಆಸೆಪಟ್ಟು, ಅಪ್ಪನನ್ನು ಕಾಡಿ ಬೇಡಿ, ಮುನ್ನೂರೈವತ್ತು ರೂಪಾಯಿಗೆ ಫಸ್ಟ್ ಕಾಪಿ ಕೊಂಡು ತೊಟ್ಟವಳು ಸಿಕ್ಕಿಬಿದ್ದರೆ ಆಕೆಗೆ ಅಡ್ಡ ಹೆಸರು ಬೀಳುತ್ತದೆ. ಬಡವಳು ಎಂಬುದರ ಜೊತೆಗೆ ಸುಳ್ಳುಗಾತಿ ಎಂಬ ಬಿರುದೂ ಸೇರುತ್ತದೆ. ಬಾಗಿಲ ಹೊರಗೆ ಸುಮ್ಮನೆ ನಿಂತವರಿಗಿಂತ ಬಾಗಿಲು ತಟ್ಟಿದವರಿಗೇ ಹೆಚ್ಚು ಶಿಕ್ಷೆ. ಅಂತಹ ಹುಡುಗಿ ಮುಂದಿನ ಹುಟ್ಟುಹಬ್ಬದ ಕೂಟಕ್ಕೆ ಹೋಗುವುದಿಲ್ಲ. ತಲೆನೋವು ಎನ್ನುತ್ತಾಳೆ. ತಾಯಿ ನಂಬುತ್ತಾಳೆ.

ನೀವು ಹೇಳಬಹುದು, ಇದು ಎಂ.ಜಿ. ರಸ್ತೆಯ ಆಚೆಯವರ ಕತೆ, ನಮ್ಮ ಹಳೆಯ ಬಡಾವಣೆಗಳದ್ದಲ್ಲ ಎಂದು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡಿತು. 1898ರ ಪ್ಲೇಗಿನ ಭಯದಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಈ ಮೂರೂ ಕಡೆಯ ಮನೆತನಗಳು ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವ ಗುಣ ಸರಳತೆ. ಚಿಕ್ಕಪೇಟೆಯಿಂದ ಒಂದೇ ತಾನಿನ ಬಟ್ಟೆ ತಂದು, ಮೂಲೆಯ ದರ್ಜಿಯ ಕೈಯಲ್ಲಿ ಮೂವರು ಅಕ್ಕತಂಗಿಯರಿಗೂ ಒಂದೇ ಬಗೆಯ ಫ್ರಾಕ್ ಹೊಲಿಸಿ, ಬೆಳೆಯುವ ಮಕ್ಕಳೆಂದು ಮಡಿಕೆಯಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಬಿಟ್ಟು, ಎರಡು ಕ್ರಿಸ್ಮಸ್ಸಿಗೆ ಬರುವಂತೆ ನೋಡಿಕೊಳ್ಳುತ್ತಿದ್ದ ಮನೆಗಳ ನೆನಪು ನಿಮ್ಮಲ್ಲಿ ಹಲವರಿಗಿರಬೇಕು. ಆ ಕಾಲವನ್ನು ನಾನು ಹೊಗಳಲು ಹೊರಟಿಲ್ಲ. ಆಗಲೂ ರೇಷ್ಮೆ ರೇಷ್ಮೆಯೇ, ಚೀಟಿ ಚೀಟಿಯೇ ಆಗಿತ್ತು. ಯಾರ ಸೆರಗಿನಲ್ಲಿ ಎಷ್ಟು ಜರಿ ಎಂಬುದನ್ನು ಬೆಂಚಿನ ತುದಿಯಿಂದಲೇ ಎಣಿಸುವ ಕಣ್ಣುಗಳಿದ್ದವು. ಆದರೆ ದರ್ಜಿ ಹೊಲಿದ ಫ್ರಾಕಿನಲ್ಲಿ ಓದಲು ಹೆಸರಿರಲಿಲ್ಲ. ಹದಿನಾಲ್ಕರ ಹುಡುಗಿಗೆ ತನ್ನ ಗೆಳತಿಯನ್ನು ದರ್ಜೆಯಲ್ಲಿ ಕೂರಿಸಲು ಬೇಕಾದ ಅಳತೆಗೋಲನ್ನು ಯಾವ ಕಂಪನಿಯೂ ಅವಳ ಕೈಗೆ ಕೊಟ್ಟಿರಲಿಲ್ಲ.

ಈಗ ಕೊಟ್ಟಿದೆ. ಮಲ್ಲೇಶ್ವರದಲ್ಲಿ ಹಿಂದೆ ರಾಜಾ ಮಿಲ್ ಎಂಬ ಬಟ್ಟೆಯ ಗಿರಣಿಯಿದ್ದ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. ನೂಲು ತೆಗೆಯುತ್ತಿದ್ದ ನೆಲದ ಮೇಲೆ ಹೆಸರು ಮಾರುವ ಅಂಗಡಿಗಳು ಬಂದವು. ಅದರಾಚೆ ನಿಧಾನವಾಗಿ ಒಂದು ಏಣಿ ಸಿದ್ಧವಾಯಿತು. ಎಲ್ಲಕ್ಕಿಂತ ಕೆಳಗೆ ಎಂಟನೇ ಅಡ್ಡರಸ್ತೆಯ ಕಾಲುದಾರಿ ಮತ್ತು ಡಿ.ವಿ.ಜಿ. ರಸ್ತೆಯ ಸಣ್ಣ ಅಂಗಡಿಗಳು, ಅದರ ಮೇಲೆ ಝುಡಿಯೋ, ಅದರ ಮೇಲೆ ಮ್ಯಾಕ್ಸ್, ವೆಸ್ಟ್‌ಸೈಡ್, ಇನ್ನೂ ಮೇಲೆ ಹೆಚ್ ಅಂಡ್ ಎಂ, ತುದಿಯಲ್ಲಿ ಝಾರಾ. ಅದಕ್ಕೂ ಮೇಲೆ ಗಲ್ಫಿನಿಂದಲೋ ಅಮೆರಿಕದಿಂದಲೋ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಬಂದು ಇಳಿದದ್ದು. ಇಲ್ಲಿ ಸಿಗುವುದಿಲ್ಲ ಎಂಬುದೇ ಅದರ ಹಿರಿಮೆ. ‘ಝುಡಿಯೋನಾ?’ ಎಂಬ ಒಂದು ಪ್ರಶ್ನೆಯನ್ನು ಮೂಗು ತುಸು ಮೇಲೆತ್ತಿ ಕೇಳಿದರೆ ಸಾಕು, ಕೇಳಿಸಿಕೊಂಡವಳ ಮುಖ ಕಂದುತ್ತದೆ.

ಆ ಮಕ್ಕಳಿಗೆ ತಿಳಿಯದ ಸಂಗತಿಯೊಂದಿದೆ. ಝುಡಿಯೋ ಮತ್ತು ವೆಸ್ಟ್‌ಸೈಡ್ ಎರಡೂ ಟಾಟಾ ಸಮೂಹಕ್ಕೆ ಸೇರಿದ ಟ್ರೆಂಟ್ ಎಂಬ ಕಂಪನಿಯವು. ಸ್ಪೇನ್ ದೇಶದ ಇಂಡಿಟೆಕ್ಸ್ ಕಂಪನಿ 2010ರಲ್ಲಿ ಝಾರಾವನ್ನು ಭಾರತಕ್ಕೆ ತಂದದ್ದೂ ಇದೇ ಟ್ರೆಂಟ್‌ನೊಡನೆ ಪಾಲುದಾರಿಕೆ ಮಾಡಿಕೊಂಡು. ಎಂದರೆ, ಯಾವ ಎರಡು ಚೀಟಿಗಳ ನಡುವೆ ಇಬ್ಬರು ಗೆಳತಿಯರು ಮಾತು ಬಿಡುತ್ತಾರೋ ಆ ಎರಡರ ಲಾಭದಲ್ಲೂ ಪಾಲು ಪಡೆದ ಮನೆ ಒಂದೇ. ವ್ಯಾಪಾರಿಯನ್ನು ನಾನು ಇಲ್ಲಿ ದೂಷಿಸುತ್ತಿಲ್ಲ. ಎರಡು ಬೆಲೆಗೆ ಎರಡು ಅಂಗಡಿ ತೆರೆಯುವುದು ವ್ಯಾಪಾರ. ಆ ಎರಡು ಬೆಲೆಯನ್ನು ಎರಡು ಜಾತಿಯ ಮನುಷ್ಯರೆಂದು ಓದಿಕೊಂಡವರು ನಾವು.

ಆದರೂ ಎಲ್ಲ ಕಂಪನಿಗಳೂ ಅಷ್ಟು ಮುಗ್ಧವಲ್ಲ. ಅಮೆರಿಕದ ಅಬರ್‌ಕ್ರೋಂಬಿ ಅಂಡ್ ಫಿಚ್ ಎಂಬ ಉಡುಪಿನ ಕಂಪನಿಯ ಮುಖ್ಯಸ್ಥರಾಗಿದ್ದ ಮೈಕ್ ಜೆಫ್ರೀಸ್ 2006ರಲ್ಲಿ ಒಂದು ಸಂದರ್ಶನದಲ್ಲಿ ಮನಸ್ಸು ಬಿಚ್ಚಿ ಮಾತನಾಡಿದರು. ಪ್ರತಿ ಶಾಲೆಯಲ್ಲೂ ಎಲ್ಲರಿಗೂ ಬೇಕಾದ ಕೆಲವು ಮಕ್ಕಳಿರುತ್ತಾರೆ, ಯಾರಿಗೂ ಬೇಡವಾದ ಮಕ್ಕಳೂ ಇರುತ್ತಾರೆ. ತಮ್ಮ ಬಟ್ಟೆ ಮೊದಲನೆಯವರಿಗೆ. ಎರಡನೆಯವರನ್ನು ಹೊರಗಿಡುತ್ತೀರಾ ಎಂದರೆ ಹೌದು, ಹೊರಗಿಡುತ್ತೇವೆ ಎಂಬರ್ಥದಲ್ಲಿ ಅವರು ಹೇಳಿದರು. ಆಗ ಆ ಮಾತಿಗೆ ದೊಡ್ಡ ಗದ್ದಲವೇನೂ ಆಗಲಿಲ್ಲ. ಏಳು ವರ್ಷಗಳ ನಂತರ, 2013ರಲ್ಲಿ, ಅದು ಮತ್ತೆ ಜನರ ಕಣ್ಣಿಗೆ ಬಿದ್ದಾಗ ಪ್ರತಿಭಟನೆ ಎದ್ದಿತು. 2014ರ ಕೊನೆಯಲ್ಲಿ ಅವರು ಹುದ್ದೆ ಬಿಟ್ಟರು. ಇತರರು ನಾಜೂಕಾಗಿ ಮುಚ್ಚಿಡುವುದನ್ನು ಆತ ಬಾಯಿಬಿಟ್ಟು ಹೇಳಿದರು ಎಂಬ ಒಂದು ಕಾರಣಕ್ಕೆ ನನಗೆ ಆತನ ಮಾತು ಉಪಯುಕ್ತ. ದುಬಾರಿ ಚೀಟಿಯ ಬೆಲೆಯಲ್ಲಿ ಒಂದು ಪಾಲು ಬಟ್ಟೆಗೆ, ಒಂದು ಪಾಲು ಹೊಲಿಗೆಗೆ, ಒಂದು ಪಾಲು ಅಂಗಡಿಯ ಬಾಡಿಗೆಗೆ ಹೋಗುತ್ತದೆ. ಉಳಿದದ್ದನ್ನು ನಾವು ತೆರುವುದು ಇನ್ನೊಬ್ಬರ ಮಗಳು ಅದನ್ನು ತೊಡಲಾರಳು ಎಂಬ ಭರವಸೆಗಾಗಿ. ಎಲ್ಲರೂ ತೊಟ್ಟ ದಿನ ಆ ಚೀಟಿ ಸತ್ತಂತೆ. ನಮ್ಮ ಮಗಳು ಮುಂದಿನ ಮೆಟ್ಟಿಲಿನ ಹೆಸರು ಕೇಳುತ್ತಾಳೆ.

ಕ್ರೈಸ್ತರಾದ ನಮಗೆ ಈ ವ್ಯವಸ್ಥೆ ಹೊಸದಾಗಿ ಕಾಣಬಾರದು. ದಕ್ಷಿಣ ತಿರುವಾಂಕೂರಿನ ಚರಿತ್ರೆಯನ್ನು ಬಲ್ಲವರು ನೆನಪಿಸಿಕೊಳ್ಳಲಿ. ಅಲ್ಲಿ ಮೇಲ್ಜಾತಿಯ ಸ್ತ್ರೀಯರು ಹೆಗಲಿಗೆ ಹೊದೆಯುತ್ತಿದ್ದ ಮೇಲುವಸ್ತ್ರವನ್ನು ನಾಡಾರ್ ಸ್ತ್ರೀಯರು ಹೊದೆಯುವಂತಿರಲಿಲ್ಲ. ಅವರಲ್ಲಿ ಅನೇಕರು ಕ್ರೈಸ್ತರಾಗಿ, ಮೈ ಮುಚ್ಚಿ ದೇವಾಲಯಕ್ಕೆ ಹೊರಟಾಗ ಜಗಳ ಆರಂಭವಾಯಿತು. 1813ರಲ್ಲಿ ಕರ್ನಲ್ ಮನ್ರೋ ಕ್ರೈಸ್ತ ಸ್ತ್ರೀಯರ ಪರವಾಗಿ ಆಜ್ಞೆ ಹೊರಡಿಸಿದರೂ ವಿರೋಧ ತಣ್ಣಗಾಗಲಿಲ್ಲ. 1829ರ ರಾಜಾಜ್ಞೆ ಒಂದು ಮಧ್ಯಮಮಾರ್ಗ ಹುಡುಕಿತು: ಕುಪ್ಪಸ ತೊಡಬಹುದು, ಮೇಲುವಸ್ತ್ರ ಹೊದೆಯಕೂಡದು. 1858ರಲ್ಲಿ ಮತ್ತೆ ಗಲಭೆಯೆದ್ದು, ಸಂತೆಗೆ ಹೋದ ಹೆಂಗಸರ ಬಟ್ಟೆಯನ್ನು ಹರಿದರು, ಪ್ರಾರ್ಥನಾಲಯಗಳಿಗೆ ಬೆಂಕಿ ಇಟ್ಟರು. ಕೊನೆಗೆ 1859ರ ಜುಲೈ 26ರಂದು ಮಹಾರಾಜರ ಘೋಷಣೆ ಹೊರಬಿತ್ತು. ನಾಡಾರ್ ಸ್ತ್ರೀಯರು ಮೈ ಮುಚ್ಚಿಕೊಳ್ಳಬಹುದು, ಮೀನುಗಾರ ಸ್ತ್ರೀಯರಂತೆ ಒರಟು ಬಟ್ಟೆಯನ್ನು ಸುತ್ತಿಕೊಳ್ಳಬಹುದು, ಆದರೆ ಮೇಲ್ಜಾತಿಯವರು ಹೊದೆಯುವ ರೀತಿಯಲ್ಲಿ ಹೊದೆಯಕೂಡದು.

ಈ ಕೊನೆಯ ಷರತ್ತನ್ನು ಎರಡು ಸಲ ಓದಿ. ಅಲ್ಲಿಗೆ ಜಗಳ ಮಾನದ್ದಲ್ಲ, ಮರ್ಯಾದೆಯದ್ದು ಎಂಬುದು ಸ್ಪಷ್ಟವಾಗುತ್ತದೆ. ಮೈ ಮುಚ್ಚುವುದಕ್ಕೆ ಅಡ್ಡಿಯಿಲ್ಲ. ನಮ್ಮಂತೆ ಮುಚ್ಚುವುದಕ್ಕೆ ಅಡ್ಡಿ. ನೀನೂ ಅದನ್ನೇ ಹೊದ್ದರೆ ನಾನು ಯಾರು ಎಂಬುದು ಹೇಗೆ ತಿಳಿಯಬೇಕು ಎಂಬ ಆತಂಕ ಅದು. ಅಂದು ಆ ಗೆರೆಯನ್ನು ಎಳೆದದ್ದು ಅರಸನ ಶಾಸನ. ಇಂದು ಎಳೆಯುವುದು ಬೆಲೆಚೀಟಿ. ಶಾಸನದ ವಿರುದ್ಧ ಏಟು ತಿಂದವರ ಚರಿತ್ರೆಯನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು, ಬೆಲೆಚೀಟಿಯ ಎದುರು ಪರ್ಸ್ ತೆರೆದು ಸಾಲಿನಲ್ಲಿ ನಿಂತಿದ್ದೇವೆ.

ಇನ್ನು ಆ ಚೀಟಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಬೆಂಗಳೂರಿನವರಿಗೆ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳು ಗೊತ್ತು. ಹೊರದೇಶಕ್ಕೆಂದು ಇಲ್ಲಿ ಹೊಲಿದು, ಹೆಚ್ಚಾಗಿ ಉಳಿದದ್ದೋ ಸಣ್ಣ ದೋಷಕ್ಕಾಗಿ ತಿರಸ್ಕೃತವಾದದ್ದೋ ಆದ ಬಟ್ಟೆ ಅಲ್ಲಿ ಸಿಗುತ್ತದೆ. ಅನೇಕ ಅಂಗಿಗಳ ಚೀಟಿಯನ್ನು ಅರ್ಧಕ್ಕೆ ಕತ್ತರಿಸಿರುತ್ತಾರೆ, ಇಲ್ಲವೇ ಅದರ ಮೇಲೆ ಕಪ್ಪು ಶಾಯಿಯ ಗೆರೆ ಎಳೆದಿರುತ್ತಾರೆ. ಬಟ್ಟೆ ಅದೇ, ದಾರ ಅದೇ, ಹೊಲಿದ ಕೈ ಅದೇ, ಗುಂಡಿ ಕೂಡ ಅದೇ. ಕತ್ತರಿ ತಾಗಿದ್ದು ಒಂದು ತುಂಡು ರಿಬ್ಬನ್ನಿಗೆ ಮಾತ್ರ, ಅಷ್ಟರಿಂದಲೇ ಎರಡು ಸಾವಿರದ ಅಂಗಿ ಇನ್ನೂರೈವತ್ತಕ್ಕೆ ಇಳಿಯುತ್ತದೆ. ನಿಮ್ಮ ಮಗಳಿಗೆ ಅರ್ಥಶಾಸ್ತ್ರ ಕಲಿಸಬೇಕೆಂದಿದ್ದರೆ ಅಂತಹ ಅಂಗಡಿಯೊಂದಕ್ಕೆ ಕರೆದುಕೊಂಡು ಹೋಗಿ, ಕತ್ತರಿಸಿದ ಚೀಟಿಯನ್ನು ಅವಳ ಕೈಗೆ ಕೊಡಿ. ಏನೂ ಹೇಳಬೇಡಿ. ಅವಳು ಬುದ್ಧಿವಂತೆ.

ಅಲ್ಲಿಂದ ಇನ್ನೂ ಸ್ವಲ್ಪ ದೂರ ಹೋಗಬೇಕು. 2014ರ ಮಾರ್ಚ್ 1ರಂದು ನಮ್ಮ ಮೆಟ್ರೋದ ಹಸಿರು ಮಾರ್ಗದ ಮೊದಲ ಭಾಗ ತೆರೆದಾಗ ಅದರ ಒಂದು ತುದಿ ಸಂಪಿಗೆ ರಸ್ತೆ, ಮಾಲಿನ ಬಾಗಿಲಲ್ಲೇ. ಇನ್ನೊಂದು ತುದಿ ಪೀಣ್ಯ ಕೈಗಾರಿಕಾ ಪ್ರದೇಶ. ನಡುವೆ ಸುಮಾರು ಹತ್ತು ಕಿಲೋಮೀಟರು. ಒಂದು ತುದಿಯಲ್ಲಿ ಬ್ರ್ಯಾಂಡ್ ಬಟ್ಟೆ ಮಾರುತ್ತಾರೆ, ಇನ್ನೊಂದು ತುದಿಯ ಸುತ್ತಮುತ್ತ ಅಂತಹ ಬಟ್ಟೆ ಹೊಲಿಯುತ್ತಾರೆ. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಕಾರ್ಖಾನೆಗಳಲ್ಲಿ ಲಕ್ಷಾಂತರ ಜನ ದುಡಿಯುತ್ತಾರೆ. ಅವರಲ್ಲಿ ಬಹುಪಾಲು ಹೆಂಗಸರು. ಹೆಚ್ ಅಂಡ್ ಎಂ, ಗ್ಯಾಪ್ ಮುಂತಾದ ಲೋಕಪ್ರಸಿದ್ಧ ಕಂಪನಿಗಳು ಬೆಂಗಳೂರಿನ ಕಾರ್ಖಾನೆಗಳಿಂದ ಬಟ್ಟೆ ಹೊಲಿಸಿಕೊಂಡಿವೆ. ಅಲ್ಲಿ ಒಬ್ಬಳು ಇಡೀ ಅಂಗಿಯನ್ನು ಹೊಲಿಯುವುದಿಲ್ಲ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ಬೆಳಗಿನಿಂದ ಸಂಜೆಯವರೆಗೆ ಚೀಟಿಯನ್ನಷ್ಟೇ ಹೊಲಿಯುವವಳೂ ಇದ್ದಾಳೆ. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಕಡಿಮೆಯಾದರೆ ಸೂಪರ್‌ವೈಸರನ ಬಯ್ಗುಳ. ಸಂಜೆ ಹೊತ್ತಿಗೆ ನೂರಾರು ಸಲ ಆ ಹೆಸರನ್ನು ಕೈಯಲ್ಲಿ ಹಿಡಿದವಳು ಒಂದು ಸಲವೂ ಅದನ್ನು ಮೈಮೇಲೆ ಹಾಕಿಕೊಂಡಿರುವುದಿಲ್ಲ.

ಆ ದುಡಿಮೆಗೆ ಸಿಗುವ ಕೂಲಿಯ ಬಗ್ಗೆ ಒಂದೇ ಒಂದು ಲೆಕ್ಕ ಹೇಳುತ್ತೇನೆ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರ ಕನಿಷ್ಠ ವೇತನಕ್ಕೆ ತುಟ್ಟಿಭತ್ಯೆಯ ಹೆಚ್ಚಳ ಸೇರಬೇಕಿತ್ತು. ಮೊತ್ತ, ತಿಂಗಳಿಗೆ ಸುಮಾರು 417 ರೂಪಾಯಿ. ಕೋವಿಡ್ ಕಾರಣ ಹೇಳಿ ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಟನೆ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನ್ಯಾಯಾಲಯ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ಮಿಕರ ಪರವಾಗಿ ನಿಂತಿತು. ಆದರೂ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ಹೊರದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬಟ್ಟೆ ಕೊಳ್ಳುವ ಕಂಪನಿಗಳ ಮೇಲೆ ಒತ್ತಡ ಬಿದ್ದು, ದೊಡ್ಡ ಕಾರ್ಖಾನೆಗಳು ಬಾಕಿ ತೀರಿಸಲು ಒಪ್ಪುವ ಹೊತ್ತಿಗೆ 2022 ಬಂದಿತ್ತು. ತಿಂಗಳಿಗೆ 417 ರೂಪಾಯಿ! ಮಾಲಿನಲ್ಲಿ ಆ ಹಣಕ್ಕೆ ಬಂದರೆ ಒಂದು ಬನಿಯನ್ ಬಂದೀತು.

ಅದಕ್ಕೂ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು, ಇದೇ ಹೆಂಗಸರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದು ಕುಳಿತದ್ದನ್ನು ನೀವು ಮರೆತಿರಲಾರಿರಿ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ತಂದ ನಿಯಮದ ವಿರುದ್ಧ ಎದ್ದ ಸಿಟ್ಟು ಅದು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಟ್ರಾಫಿಕ್ ನಿಂತಿತೆಂದು ನಾವು ಆ ದಿನ ಗೊಣಗಿದ್ದೆವು. ಆ ಹೆಂಗಸರು ಉಳಿಸಿಕೊಂಡದ್ದು ಮಗಳ ಕಾಲೇಜು ಶುಲ್ಕಕ್ಕೆಂದು, ಮದುವೆಗೆಂದು, ಊರಿನ ಸಾಲಕ್ಕೆಂದು ಇಟ್ಟುಕೊಂಡಿದ್ದ ಒಂದೇ ಗಂಟನ್ನು.

ಅಂತಹ ತಾಯಿಯ ಮಗಳು ನಿಮ್ಮ ಮಗಳ ಶಾಲೆಯಲ್ಲೇ, ನಿಮ್ಮ ಜ್ಞಾನೋಪದೇಶ ತರಗತಿಯಲ್ಲೇ ಇದ್ದಾಳೆ. ‘ಅವಳಮ್ಮ ಗಾರ್ಮೆಂಟ್ಸಿಗೆ ಹೋಗ್ತಾರೆ’ ಎಂಬ ವಾಕ್ಯವನ್ನು ನಮ್ಮ ಮಕ್ಕಳು ಹೇಳುವ ಧ್ವನಿಯನ್ನು ಗಮನಿಸಿದ್ದೀರಾ? ಗಾರ್ಮೆಂಟ್ಸ್ ಎಂಬ ಪದವನ್ನೇ ಬೈಗುಳದಂತೆ ಬಳಸುವುದು ಈ ನಗರದಲ್ಲಿ ರೂಢಿಯಾಗಿಬಿಟ್ಟಿದೆ. ಹೊಳೆಯುವ ಬಟ್ಟೆ ತೊಟ್ಟವಳನ್ನೋ ತಲೆತುಂಬ ಹೂ ಮುಡಿದವಳನ್ನೋ ಕಂಡು ‘ಗಾರ್ಮೆಂಟ್ಸ್ ಥರ ಇದ್ದಾಳೆ’ ಎಂದು ನಗುತ್ತಾರೆ. ಅದೇ ಕಾರ್ಖಾನೆಯಿಂದ ಹೊರಬಿದ್ದ ಬಟ್ಟೆಯನ್ನು ತೊಟ್ಟರೆ ಮರ್ಯಾದೆ, ಹೊಲಿದರೆ ಅವಮಾನ. ಇಷ್ಟು ವಿಚಿತ್ರವಾದ ತರ್ಕವನ್ನು ಮಕ್ಕಳು ತಾವಾಗಿ ಕಟ್ಟಿಕೊಳ್ಳಲಾರರು. ದೊಡ್ಡವರ ಬಾಯಿಂದ ಕೇಳಿಸಿಕೊಂಡಿದ್ದಾರೆ.

ಇಲ್ಲಿ ಕೆಲವರು ಎದ್ದು ನಿಂತು ಹೇಳುವ ಮಾತು ನನಗೆ ಗೊತ್ತು. ‘ನಾವು ಕಷ್ಟದಲ್ಲಿ ಬೆಳೆದೆವು, ನಮ್ಮ ಮಕ್ಕಳಾದರೂ ಸುಖಪಡಲಿ. ನಮ್ಮ ದುಡ್ಡು, ನಮ್ಮ ಮಗಳು.’ ಈ ಮಾತಿನಲ್ಲಿರುವ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಮಗಳಿಗೆ ಒಳ್ಳೆಯ ಬಟ್ಟೆ ಕೊಡಿಸಿ. ಬೆವರು ಹೀರುವ, ಬಣ್ಣ ಬಿಡದ, ಹೊಲಿಗೆ ಬಿಚ್ಚದ ಬಟ್ಟೆ ಕೊಡಿಸಿ. ಕಣ್ಣಿಗೆ ಚೆಂದವಾದದ್ದನ್ನೇ ಕೊಡಿಸಿ. ಚೆಂದ ಕಾಣಬೇಕೆಂಬ ಹದಿಹರೆಯದ ಆಸೆಯಲ್ಲಿ ಪಾಪವೇನಿದೆ? ಆದರೆ ಅವಳು ಅಂಗಿ ಕೇಳುತ್ತಿದ್ದಾಳೋ ಹೆಸರು ಕೇಳುತ್ತಿದ್ದಾಳೋ ಎಂಬುದನ್ನು ಬೇರ್ಪಡಿಸಿ ನೋಡಿ. ಅಂಗಿ ಮೈಗೆ ಬೇಕು. ಹೆಸರು ಬೇಕಾದದ್ದು ಗೆಳತಿಯರ ಕಣ್ಣಿಗೆ. ಹೆಸರಿಗಾಗಿ ನೀವು ಕೊಟ್ಟ ದುಡ್ಡಿನಿಂದ ಆಕೆಗೆ ಸುಖವೂ ಸಿಗುವುದಿಲ್ಲ, ಸಿಗುವುದು ಮುಂದಿನ ತಪಾಸಣೆಯವರೆಗಿನ ನೆಮ್ಮದಿ. ಆ ನೆಮ್ಮದಿ ಒಂದು ತಿಂಗಳು ಬಾಳಿದರೆ ಹೆಚ್ಚು.

ಮತ್ತೆ ಕೆಲವರು ಮಕ್ಕಳನ್ನೇ ಬೈಯುತ್ತಾರೆ. ಈಗಿನ ಹುಡುಗಿಯರು ಹಾಳಾದರು ಎನ್ನುತ್ತಾರೆ. ತಾಯಂದಿರೇ, ಮೈಸೂರು ರೇಷ್ಮೆ ಸೀರೆಯನ್ನು ಉಡುವಾಗ ಅದು ಸರ್ಕಾರಿ ಕಾರ್ಖಾನೆಯದ್ದು, ಸಂಖ್ಯೆ ಇರುವ ಅಸಲು ಸೀರೆ ಎಂಬುದನ್ನು ಪಕ್ಕದ ಮನೆಯವರಿಗೆ ತಿಳಿಯದಂತೆ ಉಟ್ಟ ಎಷ್ಟು ಮಂದಿ ನಮ್ಮಲ್ಲಿದ್ದಾರೆ? 1912ರಿಂದ ನೇಯುತ್ತಿರುವ ಆ ಸೀರೆಯ ಗುಣದ ಬಗ್ಗೆ ನನಗೆ ಗೌರವವೇ ಇದೆ, ಮಾತು ಗುಣದ್ದಲ್ಲ. ತಂದೆಯಂದಿರೇ, ಮೇಜಿನ ಮೇಲೆ ಫೋನನ್ನು ಕವುಚಿ ಇಡುವಾಗ ಅದರ ಬೆನ್ನಿನ ಗುರುತು ಎದುರಿನವರಿಗೆ ಕಾಣುವಂತೆಯೇ ಇಡುತ್ತೀರಲ್ಲವೇ? ಮಗಳು ಮನೆಯಲ್ಲಿ ಕಲಿತ ಪಾಠವನ್ನೇ ಶಾಲೆಯಲ್ಲಿ ಒಪ್ಪಿಸುತ್ತಿದ್ದಾಳೆ. ಅವಳ ತಪ್ಪೇನಾದರೂ ಇದ್ದರೆ, ನಾವು ನಾಜೂಕಾಗಿ ಮಾಡುವುದನ್ನು ಅವಳು ಒರಟಾಗಿ ಮಾಡುತ್ತಾಳೆ.

ಶಾಲಾ ಸಮವಸ್ತ್ರ ಇದಕ್ಕೆಲ್ಲ ಮದ್ದು ಎಂದು ಹಿಂದಿನವರು ನಂಬಿದ್ದರು. ಸ್ವಲ್ಪಮಟ್ಟಿಗೆ ಅದು ನಿಜವೂ ಹೌದು. ಆದರೆ ನೀರು ಸಂದು ಹುಡುಕುವಂತೆ ಅಂತಸ್ತು ಸಂದು ಹುಡುಕಿತು. ಅಂಗಿಯನ್ನು ಒಂದೇ ಮಾಡಿದರೆ ಬ್ಯಾಗಿಗೆ ಹೋಯಿತು, ಬ್ಯಾಗಿನಿಂದ ಕೈಗಡಿಯಾರಕ್ಕೆ, ಅಲ್ಲಿಂದ ನೀರಿನ ಬಾಟಲಿಗೆ. ವರ್ಷವಿಡೀ ಅದುಮಿಟ್ಟದ್ದು ಹುಟ್ಟುಹಬ್ಬದ ಕಲರ್ ಡ್ರೆಸ್ಸಿನ ದಿನ ಬುಗ್ಗೆಯಾಗಿ ಚಿಮ್ಮುತ್ತದೆ.

ಶಾಲೆಯ ಮಾತು ಶಾಲೆಗಿರಲಿ. ನಮ್ಮ ಕೈಯಲ್ಲಿ ಇರುವುದು ನಮ್ಮ ದೇವಾಲಯದ ಅಂಗಳ. ಭಾನುವಾರಕ್ಕೆ ಸಮವಸ್ತ್ರವಿಲ್ಲ. ವಾರದಲ್ಲಿ ಆರು ದಿನ ಒಂದೇ ಬಣ್ಣದಲ್ಲಿ ಕಾಣುವ ಮಕ್ಕಳು ಏಳನೆಯ ದಿನ, ಎಲ್ಲರೂ ಒಂದೇ ಎಂದು ಹೇಳುವ ಆ ಒಂದು ಜಾಗದಲ್ಲಿ, ತಮ್ಮ ತಮ್ಮ ಮನೆಯ ವರಮಾನವನ್ನು ಮೈಮೇಲೆ ಹೊತ್ತು ನಿಲ್ಲುತ್ತಾರೆ. ಸಂತ ಯಕೋಬರ ಪತ್ರದ ಎರಡನೆಯ ಅಧ್ಯಾಯ ನಮಗೆ ಹೊಸದಲ್ಲ. ಚಿನ್ನದ ಉಂಗುರ, ಬೆಲೆಬಾಳುವ ಉಡುಪು ಧರಿಸಿ ಬಂದವನಿಗೆ ಸಭೆಯಲ್ಲಿ ಪೀಠ, ಮಾಸಿದ ಬಟ್ಟೆಯವನಿಗೆ ನಿಲ್ಲಲು ಜಾಗ ಕೊಡುವವರನ್ನು ಅಲ್ಲಿ ಖಂಡಿಸಲಾಗಿದೆ. ಅದನ್ನು ಓದುವಾಗ ನಾವು ದೊಡ್ಡವರ ಬಗ್ಗೆ ಯೋಚಿಸುತ್ತೇವೆ, ಮುಂದಿನ ಸಾಲಿನಲ್ಲಿ ಕೂರುವ ಶ್ರೀಮಂತರನ್ನು ನೆನೆದು ಒಳಗೊಳಗೇ ಸಂತೋಷಪಡುತ್ತೇವೆ. ಪೂಜೆಯ ನಂತರ ಗೇಟಿನ ಬಳಿ ಗುಂಪುಗೂಡುವ ಹದಿನೈದರ ಹುಡುಗಿಯರನ್ನು ನೆನೆಯುವುದಿಲ್ಲ.

ಅದಕ್ಕಿಂತ ಬೇಸರದ ಸಂಗತಿ, ಕೆಲವೊಮ್ಮೆ ನಾವೇ ಗೆರೆ ಎಳೆಯುತ್ತೇವೆ. ಗಾನವೃಂದಕ್ಕೆ ಕ್ರಿಸ್ಮಸ್ಸಿಗೆಂದು ಒಂದೇ ಬಗೆಯ ಉಡುಪು ಬೇಕೆಂದು ತೀರ್ಮಾನವಾಗುತ್ತದೆ. ಉದ್ದೇಶ ಒಳ್ಳೆಯದು, ಎಲ್ಲರೂ ಒಂದೇ ರೀತಿ ಕಾಣಲಿ ಎಂದು. ಯಾರೋ ಒಬ್ಬರು ಒಂದು ಅಂಗಡಿಯ ಹೆಸರು ಹೇಳುತ್ತಾರೆ, ಚಿತ್ರ ತೋರಿಸುತ್ತಾರೆ, ತಲೆಗೆ ಸಾವಿರದ ಎಂಟುನೂರು ಎನ್ನುತ್ತಾರೆ. ಎಲ್ಲರೂ ತಲೆಯಾಡಿಸುತ್ತಾರೆ, ಆ ಸಭೆಯಲ್ಲಿ ಆಗುವುದಿಲ್ಲ ಎಂದು ಹೇಳುವ ಧೈರ್ಯ ಯಾವ ಹುಡುಗಿಗೆ ಬಂದೀತು? ಪ್ರಥಮ ಪರಮಪ್ರಸಾದದ ಬಿಳಿ ಫ್ರಾಕಿನ ಕತೆಯೂ ಇದೇ, ಯುವಜನರ ದಿನದ ಟೀ ಶರ್ಟಿನ ಕತೆಯೂ ಇದೇ. ಆಮೇಲೆ ಡಿಸೆಂಬರಿನಲ್ಲಿ ಒಬ್ಬಳು ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸುತ್ತಾಳೆ. ಪರೀಕ್ಷೆ ಇದೆ ಎನ್ನುತ್ತಾಳೆ. ಒಳ್ಳೆಯ ಕಂಠವಿತ್ತು, ಮನೆಯವರು ಓದು ಓದು ಎಂದು ಕಾಡುತ್ತಾರೇನೋ ಎಂದು ನಾವು ಮರುಗಿ ಸುಮ್ಮನಾಗುತ್ತೇವೆ.

ಹಾಗಾಗಿ ನನ್ನ ಕೋರಿಕೆ ತೀರ ಚಿಕ್ಕದು. ಈ ವರ್ಷ ಅಕ್ಟೋಬರಿನಲ್ಲಿ ನಿಮ್ಮ ಗಾನವೃಂದ ಉಡುಪಿನ ಬಣ್ಣ ಆರಿಸಲು ಸೇರಿದಾಗ ಬಣ್ಣಕ್ಕಿಂತ ಮೊದಲು ಮೊತ್ತವನ್ನು ಮಾತನಾಡಿ. ಆ ಮೊತ್ತವನ್ನು ಮಕ್ಕಳ ಎದುರಿಗೆ ವಸೂಲು ಮಾಡಬೇಡಿ. ಧರ್ಮಕೇಂದ್ರದ ಲೆಕ್ಕದಿಂದ ಬಟ್ಟೆ ತನ್ನಿ, ಕೊಡಬಲ್ಲವರು ಕಾಣಿಕೆ ಡಬ್ಬಿಗೆ ಹಾಕಲಿ. ಪ್ರಥಮ ಪರಮಪ್ರಸಾದದ ಉಡುಪುಗಳನ್ನು ಧರ್ಮಕೇಂದ್ರವೇ ಹೊಲಿಸಿಟ್ಟುಕೊಂಡು, ವರ್ಷ ವರ್ಷ ಒಗೆದು ಎಲ್ಲ ಮಕ್ಕಳಿಗೂ ತೊಡಿಸಬಹುದು. ನಿಮ್ಮ ಮಗಳಿಗೂ ಅದನ್ನೇ ತೊಡಿಸಿ, ಇಲ್ಲವಾದರೆ ಅದು ಬಡವರ ಫ್ರಾಕ್ ಆಗಿಬಿಡುತ್ತದೆ. ಅಂಗಡಿಯ ಚೀಟಿಯಿರುವ ಸಿದ್ಧ ಉಡುಪು ಬೇಡ, ಬಟ್ಟೆ ಕೊಂಡು ಹೊಲಿಸೋಣ ಎನ್ನಿ. ಆ ಸಭೆಗೆ ನಿಮ್ಮ ಧರ್ಮಕೇಂದ್ರದಲ್ಲಿ ಗಾರ್ಮೆಂಟ್ಸಿಗೆ ಹೋಗುವ ತಾಯಿಯೊಬ್ಬರನ್ನು ಕರೆದು ಮುಂದೆ ಕೂರಿಸಿ. ಮೂವತ್ತು ಹುಡುಗಿಯರ ಅಂಗಿಗೆ ಎಷ್ಟು ಮೀಟರ್ ಬಟ್ಟೆ ಬೇಕು, ಯಾವ ಬಟ್ಟೆ ಒಗೆದರೆ ಕುಗ್ಗುತ್ತದೆ, ಹೊಲಿಗೆಗೆ ನ್ಯಾಯವಾಗಿ ಎಷ್ಟು ಕೊಡಬೇಕು ಎಂದು ಅವರನ್ನು ಕೇಳಿ, ಅವರು ಹೇಳಿದ ಕೂಲಿಯಲ್ಲಿ ಚೌಕಾಸಿ ಮಾಡದೆ ಬರೆದುಕೊಳ್ಳಿ. ಅವರ ಮಗಳೂ ಅದೇ ಕೋಣೆಯಲ್ಲಿ ಕುಳಿತಿರುತ್ತಾಳೆ.